ಹತ್ತನೆಯ ಸಾಲು ಸತ್ತ ಬಗೆ

ದಿನಾಂಕ ೧೪, ಗುರುವಾರ
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ನಿನ್ನ ತಲೆ ಸವರುವ ಮಾವನ ಕೈ ಈ ಕಾಗದದ ಜೊತೆಗೇ ಬಂದಿದೆ ಅಂದುಕೋ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಕ್ಷೇಮವಿಲ್ಲ ಎಂದು ಬರೆದರೆ ನೀನು ಮೊದಲ ಬಸ್ಸಿಗೇ ಹೊರಟು ಬಂದುಬಿಡುತ್ತೀಯ. ಆದ್ದರಿಂದ ಮೈಗೆ ಏನೂ ಆಗಿಲ್ಲ ಎಂದಷ್ಟೇ ಬರೆಯುತ್ತೇನೆ. ನನ್ನ ಮಂಡಿನೋವು ಇದ್ದಲ್ಲೇ ಇದೆ, ನಿನ್ನತ್ತೆಯ ಬಾಯಿಯೂ ಇದ್ದಲ್ಲೇ ಇದೆ.

ಹತ್ತು ದಿನದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಕ್ಷಮಿಸು. ನಿನ್ನತ್ತೆ ಎತ್ತಿ ‘ಅವರು ಸ್ನಾನಕ್ಕೆ ಹೋಗಿದಾರಮ್ಮ’ ಎಂದಾಗಲೆಲ್ಲ ನಾನು ಅವಳ ಎದುರಿಗೇ ಟೀ ಲೋಟ ಹಿಡಿದು ಕೂತಿರುತ್ತಿದ್ದೆ. ನಿನ್ನೆ ಅವಳು ಫೋನಿಟ್ಟು, ‘ದಿನಕ್ಕೆ ನಾಲ್ಕು ಸಲ ಸ್ನಾನ ಮಾಡೋ ಗಂಡಸನ್ನ ನಾನೆಲ್ಲೂ ನೋಡಿಲ್ಲ, ನಾಳೆಯಿಂದ ನಿಮ್ಮ ಸುಳ್ಳು ನೀವೇ ಹೇಳ್ಕೊಳ್ಳಿ’ ಎಂದಳು. ಅದಕ್ಕೇ ಕಾಗದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಕಾಗದ ಬರೆಯುವುದರಲ್ಲಿ ನಮ್ಮೂರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಅರ್ಧ ಊರಿನ ಮದುವೆಗಳು ಕುದುರಿದ್ದು ನಾನು ಬರೆದ ಕಾಗದಗಳಿಂದ. ಮುರಿದದ್ದೂ ಅವುಗಳಿಂದಲೇ ಎಂದು ನಿನ್ನತ್ತೆ ಹೇಳುತ್ತಾಳೆ, ನಂಬಬೇಡ.

ನೋಡು, ಆಗಲೇ ಜಂಬ ಶುರುವಾಯಿತು. ವಿಷಯಕ್ಕೆ ಬರುತ್ತೇನೆ. ಬ್ಯಾಟರಿ ಕಂಪನಿಯಲ್ಲಿ ಕೂತು ವಾರಂಟಿ ಕ್ಲೇಮುಗಳನ್ನು ಪರೀಕ್ಷೆ ಮಾಡುವವಳಿಗೆ ನಾನು ಬ್ಯಾಟರಿಯ ಕಥೆ ಹೇಳುವುದು ನಗೆಪಾಟಲು. ಆದರೂ ನಡೆದದ್ದನ್ನು ನಡೆದ ಹಾಗೆ ಮೊದಲಿನಿಂದ ಬರೆಯದಿದ್ದರೆ ನಡುವೆ ಎಲ್ಲೋ ಜಾರಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಮ್ಮ ಬೀದಿಯ ಹೊಲಿಗೆಯಕ್ಕನನ್ನು ನೀನು ನೋಡಿದ್ದೀಯ. ನಮ್ಮ ಅಂಗಡಿಯಿಂದ ನಾಲ್ಕನೇ ಬಾಗಿಲು, ಬ್ಯಾಟರಿ ಗಾಲಿಕುರ್ಚಿಯಲ್ಲಿ ಓಡಾಡುವವಳು. ನಿನ್ನ ಕಾಲೇಜಿನ ಬಟ್ಟೆಗಳನ್ನೆಲ್ಲ ಹೊಲಿದವಳು ಅವಳೇ. ಸೊಂಟದ ಆಪರೇಷನ್ನಿಗೆಂದು ಆಸ್ಪತ್ರೆಗೆ ಹೋದವಳು ಐದು ತಿಂಗಳು ಅಲ್ಲೇ ಉಳಿದಳು. ವಾಪಸು ಬಂದು ಗುಂಡಿ ಒತ್ತಿದರೆ ಕುರ್ಚಿ ಮಿಸುಕಲಿಲ್ಲ. ಬೀದಿಯಲ್ಲಿ ನಿಮ್ಮ ಕಂಪನಿಯ ಬೋರ್ಡು ಇದ್ದದ್ದು ನನ್ನ ಅಂಗಡಿಗೇ ತಾನೆ, ಬ್ಯಾಟರಿಯನ್ನು ನನ್ನ ಹತ್ತಿರ ತರಿಸಿದಳು. ಮೀಟರು ಹಿಡಿದ ತಕ್ಷಣ ನನಗೆ ಗೊತ್ತಾಯಿತು. ಲಿಥಿಯಂ ಬ್ಯಾಟರಿಗೆ ಹಸಿವು ತಡೆಯುವುದಿಲ್ಲ, ಐದು ತಿಂಗಳು ಚಾರ್ಜಿಲ್ಲದೆ ಮೂಲೆಯಲ್ಲಿ ಬಿದ್ದು ಒಳಗಿನ ಹತ್ತು ಸಾಲು ಸೆಲ್ಲುಗಳೂ ಒಟ್ಟಿಗೇ ಕಣ್ಣು ಮುಚ್ಚಿದ್ದವು. ವಾರಂಟಿ ಇನ್ನೂ ಎರಡು ವರ್ಷ ಇತ್ತು. ಆದರೆ ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡದೆ ಇಟ್ಟು ಸತ್ತರೆ ಅದಕ್ಕೆ ವಾರಂಟಿ ಸಿಗುವುದಿಲ್ಲ ಎಂದು ನಿಮ್ಮ ಪುಸ್ತಕದಲ್ಲೇ ಇದೆಯಲ್ಲ.

ಹೊಲಿಗೆಯಕ್ಕ ನೇರ ಮಾತಿನ ಹೆಂಗಸು. ‘ಅಣ್ಣಾ, ಮನೇಲಿ ಯಾರೂ ಇರ್ಲಿಲ್ಲ, ಚಾರ್ಜ್ ಮಾಡ್ಲಿಲ್ಲ, ತಪ್ಪು ನಂದೇ. ಹಾಗೇ ಬರೀರಿ, ಕೊಟ್ರೆ ಕೊಡ್ಲಿ, ಇಲ್ದಿದ್ರೆ ಇಲ್ಲ’ ಎಂದಳು. ಅಷ್ಟಕ್ಕೆ ಬಿಟ್ಟಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ. ಆದರೆ ಎದುರಿನ ಬೆಂಚಿನ ಮೇಲೆ ಬೀಗದ ರಿಪೇರಿಯವನು ಕೂತಿದ್ದ. ಅವನು ‘ಇದು ಆಗೋ ಕೆಲಸ ಅಲ್ಲ ಬಿಡಿ ಯಜಮಾನ್ರೇ, ನಿಮ್ಮ ಕೈಲೂ ಆಗಲ್ಲ’ ಎಂದುಬಿಟ್ಟ. ನನ್ನ ಕೈಲಿ ಆಗುವುದಿಲ್ಲವಂತೆ! ನಾನು ಎದೆ ಸೆಟೆದು, ‘ನೀವು ಸುಮ್ನೆ ಮನೆಗೆ ಹೋಗಿ ಅಕ್ಕಾ, ಇಪ್ಪತ್ತು ದಿನದಲ್ಲಿ ಹೊಸ ಬ್ಯಾಟರಿ ತಂದಿಡ್ತೀನಿ. ಅಲ್ಲಿ ಕೂತಿರೋಳು ಯಾರು? ನಮ್ಮ ಗುಬ್ಬಿ!’ ಎಂದೆ. ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿದೆ.

ಹಿಂದಿನ ಬೇಸಿಗೆಯಲ್ಲಿ ನೀನು ಬಂದಿದ್ದಾಗ ಊಟಕ್ಕೆ ಕೂತು ನಿನ್ನ ಕೆಲಸದ ಬಗ್ಗೆ ಹೇಳಿದ್ದೆ. ‘ಮಾವಾ, ಎಲ್ಲ ಸಾಲೂ ಒಟ್ಟಿಗೆ ಇಳಿದಿದ್ರೆ ಅದು ಚಾರ್ಜ್ ಮಾಡ್ದೆ ಸಾಯಿಸಿದ್ದು, ಕ್ಲೇಮ್ ಇಲ್ಲ. ಒಂಬತ್ತು ಸಾಲು ಚೆನ್ನಾಗಿದ್ದು ಒಂದೇ ಸತ್ತಿದ್ರೆ ಅದು ನಮ್ಮ ಸೆಲ್ಲಿನ ದೋಷ, ಹೊಸದು ಕೊಡ್ತೀವಿ’ ಎಂದಿದ್ದೆ. ನೀನು ಮಾತಿಗೆ ಹೇಳಿದ್ದು. ನಾನು ಗಂಟು ಕಟ್ಟಿ ಇಟ್ಟುಕೊಂಡಿದ್ದೆ.

ಒಂದು ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಮುಚ್ಚಳದ ಮೇಲಿನ ಕಂಪನಿಯ ಸೀಲಿನ ಚೀಟಿಗೆ ಹೇರ್ ಡ್ರೈಯರಿನ ಗಾಳಿ ಬಿಟ್ಟು, ಹೊಲಿಗೆ ದಾರ ಒಳಗೆ ತೂರಿಸಿ ಎಳೆದೆ. ಹಾಲಿನ ಕೆನೆ ಎದ್ದ ಹಾಗೆ ಎದ್ದು ಬಂತು. ಮುಚ್ಚಳ ಬಿಚ್ಚಿ ಒಂಬತ್ತು ಸಾಲಿಗೆ ಒಂದೊಂದಾಗಿ, ಹೊರಗಿನಿಂದ, ಸಣ್ಣ ಕರೆಂಟು ಕೊಟ್ಟು ಎಬ್ಬಿಸಿದೆ. ಹಾಗೆ ಎಬ್ಬಿಸಿದ ಸೆಲ್ಲು ಹೆಚ್ಚು ದಿನ ಬಾಳುವುದಿಲ್ಲ, ಉಬ್ಬಿ ಬೆಂಕಿ ಹಿಡಿದರೂ ಹಿಡಿದೀತು ಎಂಬುದು ನನಗೆ ಗೊತ್ತಿತ್ತು. ನಿಮ್ಮ ಮೇಜಿನವರೆಗೆ ಉಸಿರು ಹಿಡಿದಿದ್ದರೆ ಸಾಕಿತ್ತು. ಹತ್ತನೆಯ ಸಾಲನ್ನು ಮುಟ್ಟಲಿಲ್ಲ, ಹೆಣದ ಹಾಗೆ ಬಿಟ್ಟೆ. ಮತ್ತೆ ಮುಚ್ಚಳ ಹಾಕಿ, ಸೀಲು ಅಂಟಿಸಿ, ಅರ್ಜಿಯಲ್ಲಿ ‘ಪ್ರತಿದಿನ ಚಾರ್ಜ್ ಮಾಡುತ್ತಿದ್ದರು, ಒಮ್ಮೆಲೇ ನಿಂತಿತು’ ಎಂದು ಬರೆದೆ. ಅಕ್ಕ ಓದದೆ ಸಹಿ ಹಾಕಿದಳು, ನನ್ನ ಮೇಲಿನ ನಂಬಿಕೆಯಿಂದ.

ನೀನು ಅಲ್ಲಿ ಮುಚ್ಚಳ ತೆಗೆದು ನನಗೆ ಫೋನ್ ಮಾಡಿದೆ. ನೆನಪಿದೆಯಲ್ಲ? ‘ಮಾವಾ, ಇದನ್ನ ನೀನು ಬಿಚ್ಚಿದ್ಯಾ?’

‘ಅಯ್ಯೋ, ನಾನ್ಯಾಕೆ ಬಿಚ್ಲಿ? ಸೀಲಿದೆಯಲ್ಲ ಕಣ್ಣೆದುರಿಗೇ.’

‘ಸೀಲಿದೆ. ಆದ್ರೆ ಒಳಗಿನ ಸಣ್ಣ ವೈರುಗಳನ್ನ ಯಾರೋ ಮೂರೆಳೆ ಜಡೆ ಹೆಣೆದಿದಾರೆ.’

ಗುಬ್ಬೀ, ಹೆಣೆದದ್ದು ನನಗೆ ಗೊತ್ತೇ ಆಗಿರಲಿಲ್ಲ. ನಿನ್ನಮ್ಮ ಹೋದ ಮೇಲೆ ನಿನ್ನತ್ತೆ ಬೆಳಗಿನ ಪಾಳಿಗೆ ಹೋಗುತ್ತಿದ್ದಳು, ಆರು ವರ್ಷ ದಿನಾ ನಿನಗೆ ಜಡೆ ಹಾಕಿ ಶಾಲೆಗೆ ಕಳಿಸಿದವನು ನಾನು. ಅಂದಿನಿಂದ ಉದ್ದಕ್ಕಿರುವುದು ಏನು ಸಿಕ್ಕರೂ ಈ ಬೆರಳು ಮೂರು ಪಾಲು ಮಾಡಿಬಿಡುತ್ತದೆ. ನಿಮ್ಮ ಕಾರ್ಖಾನೆಯಲ್ಲಿ ಜಡೆ ಹೆಣೆಯುವಷ್ಟು ಪುರುಸೊತ್ತು ಯಾರಿಗಿದೆ?

ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ನಕ್ಕು, ‘ನಿಮ್ಮ ಕಾರ್ಖಾನೇಲೂ ಯಾವನೋ ನನ್ನಂಥ ಮಾವ ಇರಬೇಕು ಬಿಡೆ’ ಎಂದೆ. ನೀನು ನಗಲಿಲ್ಲ. ‘ಮಾವಾ, ನಿಜ ಹೇಳು. ನೀನು ಬಿಚ್ಚಿದೀನಿ ಅಂದ್ರೆ ಕ್ಲೇಮ್ ಇಲ್ಲ ಅಂತ ಬರೆದು ಕಳಿಸ್ತೀನಿ, ಅಷ್ಟೇ, ಬೇರೇನೂ ಆಗಲ್ಲ’ ಎಂದೆ. ನಾನು ‘ನಿಮ್ಮಮ್ಮನಾಣೆ, ಬಿಚ್ಚಿಲ್ಲ’ ಎಂದೆ. ನನ್ನ ಬೆನ್ನಿಗೆ ಬಿದ್ದ ತಂಗಿ, ಅವಳ ಹೆಸರು ಹಿಡಿದು, ಒಂದು ಬ್ಯಾಟರಿಗೆ! ನೀನು ‘ಆಯ್ತು ಮಾವ’ ಎಂದೆ. ಆಣೆಯ ಮೇಲೆ ಅನುಮಾನ ಪಡಬಾರದು ಎಂದು ನಿನಗೆ ಕಲಿಸಿದವನೂ ನಾನೇ. ನೀನು ಬೇರೆ ಪರೀಕ್ಷೆ ಮಾಡದೆ ‘ಸೆಲ್ಲಿನ ದೋಷ, ಒಪ್ಪಿದೆ’ ಎಂದು ಸಹಿ ಹಾಕಿದೆ.

ಹದಿನೆಂಟನೇ ದಿನಕ್ಕೆ ಹೊಸ ಬ್ಯಾಟರಿ ಬಂತು. ನಾನು ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ಬೀದಿಯಲ್ಲಿ ಹೋದೆ. ಬೀಗದವನ ಅಂಗಡಿಯ ಮುಂದೆ ಬೇಕಂತಲೇ ನಿಂತು ಬೆವರು ಒರೆಸಿಕೊಂಡೆ. ಅವನೂ ಎದ್ದು ಕೈ ಮುಗಿದ. ನನ್ನಷ್ಟು ದೊಡ್ಡವನು ಆ ದಿನ ಈ ಬೀದಿಯಲ್ಲಿ ಇರಲಿಲ್ಲ.

ಹಳೆಯ ಬ್ಯಾಟರಿಯ ಒಳಗಿನ ಪುಟ್ಟ ಸರ್ಕ್ಯೂಟು ದಿನದಿನದ ದಿನಚರಿ ಬರೆದಿಟ್ಟುಕೊಂಡಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕ್ಲೇಮುಗಳನ್ನು ಮರುಪರೀಕ್ಷೆ ಮಾಡುವ ನಿಮ್ಮ ಮೇಲಿನವರು ಅದನ್ನು ಓದಿದರು. ಐದು ತಿಂಗಳು ಉಪವಾಸ, ಆಮೇಲೆ ಒಂದೇ ಭಾನುವಾರ ಒಂಬತ್ತು ಸಾಲು ಎದ್ದು ಕೂತಿದ್ದು, ಎಲ್ಲ ಸಿಕ್ಕಿತು. ಅದರ ಕೆಳಗೆ ನಿನ್ನ ಸಹಿ. ಬ್ಯಾಟರಿ ಕಳಿಸಿದವನು ನಿನ್ನ ಮಾವ. ನಿನ್ನನ್ನು ಕೆಲಸದಿಂದ ದೂರ ಇಟ್ಟರು, ಬರುವ ಸೋಮವಾರ ವಿಚಾರಣೆ ಎಂದರು. ನಿನ್ನತ್ತೆಯಿಂದ ಇಷ್ಟೂ ಕೇಳಿಕೊಂಡೆ. ‘ಕೆಲಸ ಹೋದ್ರೆ ಹೋಗ್ಲಿ ಅತ್ತೆ, ಮೋಸಗಾರ್ತಿ ಅಂತ ಬರೆದ್ರೆ ಬೇರೆ ಯಾರೂ ಸೇರಿಸ್ಕೊಳಲ್ಲ’ ಎಂದೆಯಂತೆ.

ಇಲ್ಲಿಯ ಸುದ್ದಿ: ಕಂಪನಿಯವರು ಬಂದು ಹೊಸ ಬ್ಯಾಟರಿಯನ್ನು ಬಿಚ್ಚಿಕೊಂಡು ಹೋದರು. ಹೊಲಿಗೆಯಕ್ಕ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಅವಳ ಕಾಲ ಬಳಿ ಮಂಡಿಯೂರಿ ಬಿಚ್ಚಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರು ಹೋದ ಮೇಲೆ ಅವಳು, ‘ಆಗಲ್ಲ ಅಂದಿದ್ರೆ ನಾನೇ ಏನಾದ್ರೂ ಮಾಡ್ಕೋತಿದ್ದೆ ಅಣ್ಣಾ. ನನ್ನನ್ನ ಯಾಕೆ ಕಳ್ಳಿ ಮಾಡಿದ್ರಿ?’ ಎಂದಳು. ಈಗ ಬೆಳಿಗ್ಗೆ ಸಂಜೆ ಅವಳ ಕುರ್ಚಿಯನ್ನು ನಾನೇ ತಳ್ಳಿಕೊಂಡು ಹೋಗಿ ಬರುತ್ತೇನೆ. ಬ್ಯಾಟರಿಯಿಲ್ಲದ ಆ ಕುರ್ಚಿ ಎಮ್ಮೆಯಷ್ಟು ಭಾರ. ಅವಳು ನನ್ನ ಜೊತೆ ಮಾತಾಡುವುದಿಲ್ಲ. ತಿರುವಿನಲ್ಲಿ ಮಾತ್ರ ‘ಎಡಕ್ಕೆ’ ಎನ್ನುತ್ತಾಳೆ, ದಾರಿ ನನಗೆ ಗೊತ್ತಿದ್ದರೂ.

ಇದರ ಜೊತೆ ಒಂದು ಲಕೋಟೆ ಇಟ್ಟಿದ್ದೇನೆ, ವಿಚಾರಣೆಯವರ ಹೆಸರಿಗೆ. ಬಿಚ್ಚಿದವನು ನಾನು, ಅರ್ಜಿಯಲ್ಲಿ ಸುಳ್ಳು ಬರೆದವನು ನಾನು, ನೀನು ಕೇಳಿದಾಗ ಸತ್ತವಳ ಆಣೆ ಇಟ್ಟವನು ನಾನು ಎಂದು ಬರೆದು ಸಹಿ ಮಾಡಿದ್ದೇನೆ. ಹೊಲಿಗೆಯಕ್ಕನಿಗೆ ಏನೂ ಗೊತ್ತಿರಲಿಲ್ಲ ಎಂದೂ ಇದೆ. ಇನ್ನೂ ಒಂದು ಮಾತಿದೆ, ಓದಿದರೆ ತಿಳಿಯುತ್ತದೆ. ಅಂಗಡಿಯ ಮೇಲಿದ್ದ ನಿಮ್ಮ ಕಂಪನಿಯ ಬೋರ್ಡನ್ನು ನಾನೇ ಏಣಿ ಹತ್ತಿ ಇಳಿಸಿದ್ದೇನೆ. ಸೋಮವಾರ ಹತ್ತಕ್ಕೆ ನಿಮ್ಮ ಗೇಟಿನ ಹತ್ತಿರ ಇರುತ್ತೇನೆ. ಒಳಗೆ ಕರೆದರೆ ಬಂದು ಇದನ್ನೇ ಬಾಯಲ್ಲೂ ಹೇಳುತ್ತೇನೆ. ನೀನು ನನ್ನ ಮುಖ ನೋಡಬೇಕಾಗಿಲ್ಲ.

ಊಟ ಬಿಡಬೇಡ. ಚಿಂತೆ ಬಂದಾಗ ಉಗುರು ಕಚ್ಚುವುದು ನಿನ್ನ ಹಳೇ ಚಾಳಿ, ಅದೂ ಬೇಡ. ನಿನ್ನತ್ತೆ ನಿನಗೆ ನೂರು ಸಲ ಒಳ್ಳೆಯದಾಗಲಿ ಎಂದು ಬರೆಯಲು ಹೇಳಿದಳು. ಅವಳ ನೂರರ ಪಕ್ಕದಲ್ಲಿ ನನ್ನದೂ ಒಂದು ಇರಲಿ, ಲೆಕ್ಕಕ್ಕೆ ಬಂದರೆ.

ಇಂತಿ,
ನಿನ್ನ ಮಾವ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲಾಗದೆ ಉಳಿಸಿಕೊಂಡದ್ದು. ‘ಬಿಚ್ಚೋದು ಹೇಗೆ ಅಂತ ನಾನೇ ಹೇಳಿಕೊಟ್ಟೆ ಅಂತ ಯಾರೋ ಬರೆದುಕೊಟ್ಟಿದಾರೆ, ಹೊಲಿಗೆಯಕ್ಕನೇ ಇರಬೇಕು’ ಎಂದು ನೀನು ನಿನ್ನತ್ತೆಯ ಹತ್ತಿರ ಕಣ್ಣೀರು ಹಾಕಿದೆಯಂತೆ. ಅವಳಲ್ಲ. ಕಂಪನಿಯ ಇಬ್ಬರು ಅಂಗಡಿಗೆ ಬಂದಾಗ, ಫೈಲು ಹಿಡಿದವನು ‘ಒಂಬತ್ತು ಎಬ್ಬಿಸಿ ಒಂದನ್ನ ಸಾಯಿಸೋದು ಅಂಗಡಿಯವನ ತಲೆಗೆ ಹೊಳೆಯೋ ವಿಷಯ ಅಲ್ಲ. ಒಳಗಿನವರ ಹೆಸರು ಹೇಳಿದ್ರೆ ನಿಮ್ಮ ಬೋರ್ಡು ಉಳಿಯುತ್ತೆ’ ಎಂದ. ಜೀವಮಾನವೆಲ್ಲ ಮಾಡದ್ದನ್ನೂ ನಾನೇ ಮಾಡಿದೆ ಎಂದು ಕೊಚ್ಚಿಕೊಂಡವನು, ನಾನೇ ಮಾಡಿದ್ದನ್ನು ಆ ಒಂದು ಸಲ ಬೇರೆಯವರ ತಲೆಗೆ ಕಟ್ಟಿದೆ. ‘ನನ್ನ ಸೊಸೆ ಹೇಳ್ಕೊಟ್ಳು ಸಾರ್’ ಎಂದೆ. ಅವನು ಬರೆದುಕೊಂಡ, ನಾನು ಸಹಿ ಹಾಕಿದೆ. ಅದು ಸುಳ್ಳೆಂದು ಲಕೋಟೆಯಲ್ಲಿ ಬರೆದಿದ್ದೇನೆ.

ಅವತ್ತು ಸಂಜೆ ನೀನು ಫೋನ್ ಮಾಡಿ ಮೊದಲು ಕೇಳಿದ್ದು, ‘ಮಾವಾ, ಅವರು ನಿನ್ನನ್ನ ಜೋರು ಮಾಡ್ಲಿಲ್ಲ ತಾನೆ?’ ನಾನು ‘ಎಷ್ಟು ಕೇಳಿದ್ರೂ ನಿನ್ನ ಹೆಸರು ಬಾಯಿ ಬಿಡ್ಲಿಲ್ಲ ಕಣೆ’ ಎಂದೆ. ನೀನು ‘ನಂಗೊತ್ತಿತ್ತು ಮಾವ’ ಎಂದೆ. ಆಮೇಲೆ ನಾನು ನಿನ್ನ ಫೋನ್ ಎತ್ತಲಿಲ್ಲ.