ಹೊಳೆಗೆ ಸಾಕಾಗುವಷ್ಟು ಗಾಳಿ

ಮಾರ್ಚ್ 3, ಸೋಮವಾರ. ಸಂಜೆ.

ಮತ್ತೆ ಅದೇ ಹಾಡು. ಹಗಲೆಲ್ಲ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸಿದೆ. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಸಂಜೆ ದೋಣಿಯ ಮೂತಿಯನ್ನು ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ತಿರುಗಿಸಿದ್ದೇ ತಡ... ಐಸ್ ಫ್ಯಾಕ್ಟರಿ ದಾಟುವ ಮೊದಲೇ ಸುಸ್ತು. ಥ್ರಾಟಲ್ ಪೂರ್ತಿ ತಿರುಗಿಸಿದರೂ ಬರೀ ಉಬ್ಬಸ. ಆಮೇಲೆ ಅದೂ ಇಲ್ಲ. ಹುಟ್ಟು ಹಾಕಿಕೊಂಡು ಬಂದೆ. ದಡದಲ್ಲಿದ್ದವರ ನಗು ಬೇರೆ.

ಹದಿನೈದಕ್ಕೆ ಬಂದರಿನ ಸಾಹೇಬರ ಪರೀಕ್ಷೆ. ಅಳಿವೆ ದಾಟಿ, ಹೊರಗೆ ನಿಂತ ಹಡಗನ್ನು ಸುತ್ತಿ ಬರಬೇಕು. ಅದಕ್ಕೇ ದಿನಾ ಸಂಜೆ ಈ ಅಭ್ಯಾಸ. ಪಾಸಾದರೆ ಹಡಗಿನವರನ್ನು ಕರೆತರುವ ಕಾಯಂ ಕೆಲಸ. ಇಲ್ಲದಿದ್ದರೆ ಮಣ್ಣು. ಸೇತುವೆಯ ಕೊನೆಯ ಕಂಬ ಎದ್ದಾಯಿತು. ಅದು ತೆರೆದ ಮೇಲೆ ನನ್ನ ದೋಣಿಗೆ ನಮ್ಮಜ್ಜಿಯೂ ಹತ್ತುವುದಿಲ್ಲ.

ಟ್ಯಾಂಕ್ ಹೆಂಡತಿಯ ಖಾತೆ. ಅವಳೂ ದೋಣಿಯವನ ಮಗಳೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತುಂಬಿಸಿ ತಂದು ಜೋಡಿಸಿ, ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸುವವಳು ಅವಳೇ. ಮದುವೆಯಾದಾಗಿನಿಂದ. "ಹಳೇ ಎಂಜಿನ್ ಅಲ್ವಾ, ಹೊಳೆ ದಾಟಿಸ್ತಿದೆಯಲ್ಲ, ಸಾಕು ಬಿಡ್ರೀ" ಅಂದಳು. ಮೈ ಉರಿಯಿತು.

ಮಾರ್ಚ್ 4, ಮಂಗಳವಾರ.

ಪ್ಲಗ್ ಹೊಸದು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದಾಯಿತು. ಫಿಲ್ಟರ್ ಚೊಕ್ಕ. ಮೆಕ್ಯಾನಿಕ್ — ಕಣ್ಣು ಮುಚ್ಚಿ ಎಂಜಿನ್ನಿಗೆ ಕಿವಿ ಕೊಡುತ್ತಾನೆಂದು ನಾವು ಡಾಕ್ಟರ್ ಅನ್ನುತ್ತೇವೆ — ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಹಿಸುಕಿ, "ಇದ್ಯಾಕೋ ಚಪ್ಪಟೆ ಆಗಿದೆ, ಹೊಸದು ಹಾಕೋಣ" ಅಂದ. ಹಾಕಿದ. ಸಂಜೆ ಮತ್ತೆ ಐಸ್ ಫ್ಯಾಕ್ಟರಿ. ಮತ್ತೆ ಹುಟ್ಟು.

ಜೆಟ್ಟಿಯಲ್ಲಿ ಎಲ್ಲರೆದುರೇ ಬೈದೆ. "ಡಾಕ್ಟರ್ ಅಂತೆ ಡಾಕ್ಟರ್! ನಿನ್ನ ಕೈಗೆ ಸೈಕಲ್ ಕೊಟ್ರೂ ಸಾಯತ್ತೆ!"

ಅವನು ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ. "ಬಾಯಿ ಮಾತ್ರ ಫುಲ್ ಥ್ರಾಟಲ್ ಇದೆ ಕಣೋ ನಿಂದು" ಅಂದು ಹೊರಟೇ ಹೋದ. ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ, ನೆಲ ನೋಡುತ್ತಿದ್ದಳು.

ಮಾರ್ಚ್ 6, ಗುರುವಾರ.

ಒದ್ದೆ ಬಟ್ಟೆ ಬದಲಿಸಿ ಬರೆಯಲು ಕೂತೆ.

ಬಂಕಿನಲ್ಲಿ ಪೆಟ್ರೋಲ್ ಇಲ್ಲವೆಂದು ಹೆಂಡತಿ ಬರಿಗೈಯಲ್ಲಿ ಬಂದಳು. ಟ್ಯಾಂಕ್ ಅರ್ಧವೇ ಇತ್ತು, ಅದನ್ನೇ ಜೋಡಿಸಿಕೊಟ್ಟಳು. ಹೊರಟೆ. ಐಸ್ ಫ್ಯಾಕ್ಟರಿ ದಾಟಿತು! ಖುಷಿಗೆ ಕೂಗಿಯೇಬಿಟ್ಟೆ. ಅಳಿವೆಯ ಬಾಯಲ್ಲಿ, ಅಲೆ ಒಡೆಯುವ ಜಾಗದಲ್ಲೇ ಸತ್ತಿತು, ಹಾಳಾದ್ದು. ದೋಣಿ ಅಡ್ಡ ತಿರುಗಿತು. ಒಂದು ಅಲೆ ತಲೆಯ ಮೇಲೆಯೇ ಬಂತು. ಉಬ್ಬರದ ಹೊತ್ತು, ನೀರು ಒಳಕ್ಕೆ ತಳ್ಳಿತು. ಇಳಿತವಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಮರಳಿನ ಮೇಲೆ ಕೂತು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಉಸ್ಸ್ ಎಂದು ಗಾಳಿ ಎಳೆದುಕೊಂಡಿತು. ತಗ್ಗಿದ್ದ ತಗಡು ಡಬ್ ಎಂದು ಮೇಲೆದ್ದಿತು. ಗಾಳಿ ಸ್ಕ್ರೂ ಬಿಗಿ! ಗಾಳಿ ಒಳಗೆ ಬಾರದೆ ಪೆಟ್ರೋಲ್ ಹೊರಗೆ ಹೋಗುವುದು ಹೇಗೆ? ತುಂಬಿದ ಟ್ಯಾಂಕಿಗೆ ಬೇಗ ಉಸಿರು ಕಟ್ಟುತ್ತದೆ. ಇವತ್ತು ಅರ್ಧ ಟ್ಯಾಂಕ್, ಒಳಗೆ ಗಾಳಿ ಹೆಚ್ಚಿತ್ತು, ಅಷ್ಟು ದೂರ ಎಳೆಯಿತು.

ಹಗಲು ತೆರೆದಿದ್ದು ಸಂಜೆ ಮಾತ್ರ ಮುಚ್ಚಿರುವುದು ಮರೆವಲ್ಲ.

ಅದೇ ದಿನ, ಊಟ ಬಿಟ್ಟು.

ಕೇಳಿದೆ. ಮುಚ್ಚಿಡಲಿಲ್ಲ. "ಹೌದು, ನಾನೇ. ಹೊಳೆಗೆ ಸಾಕಾಗುವಷ್ಟು ಗಾಳಿ ಇರತ್ತೆ. ಅಳಿವೆಗೆ ಸಾಲಲ್ಲ."

ಅವಳ ತಮ್ಮ ಅಳಿವೆ ದಾಟಿ ಹೋದವನು ಬರಲಿಲ್ಲ. ದೋಣಿಯ ಹಲಗೆಯೊಂದು ಬಂತು. ನನಗೆ ಗೊತ್ತಿಲ್ಲವೇ? ಹೊತ್ತು ತಂದವನೇ ನಾನು.

"ಇವತ್ತು ಅಳಿವೆ ಬಾಯಲ್ಲೇ ನಿಂತೆ ಕಣೇ, ನಿನ್ನ ಅರ್ಧ ಟ್ಯಾಂಕಿಂದ! ಉಳಿಸೋಕೆ ಹೋಗಿ ಕೊಲ್ತಿದ್ದೆ ನನ್ನ!"

ಅವಳ ಕೈಯ ಲೋಟ ಜಾರಿತು. ಅರ್ಧ ಟ್ಯಾಂಕಿನ ಲೆಕ್ಕ ಅವಳಿಗೆ ಹೊಳೆದಿರಲಿಲ್ಲ. ಅಳಲಿಲ್ಲ. ಅತ್ತಿದ್ದರೆ ನನ್ನ ಸಿಟ್ಟು ಇಳಿಯುತ್ತಿತ್ತೋ ಏನೋ.

ಮಾರ್ಚ್ 13, ಗುರುವಾರ.

ಮಾತಿಲ್ಲ ಕತೆಯಿಲ್ಲ. ಟ್ಯಾಂಕ್ ನಾನೇ ಹೊರುತ್ತೇನೆ. ಹಡಗಿನವರೆಗೂ ಹೋಗಿ ಬಂದೆ, ಎಂಜಿನ್ ಕಮಕ್ ಕಿಮಕ್ ಅನ್ನಲಿಲ್ಲ. ಆದರೂ ಹಲ್ಲು ಕಡಿಯುವುದು ನಿಂತಿಲ್ಲ.

ಡಾಕ್ಟರನ ಶೆಡ್ಡಿಗೆ ಹೋಗಿ ತಪ್ಪಾಯಿತು ಅಂದೆ. "ಏನಾಗಿತ್ತೋ ಅದಕ್ಕೆ?" ಅಂದ. ಮನೆಯ ಮಾತು, ಹೇಳಲಿಲ್ಲ. "ಉಸಿರು ಕಟ್ಟಿತ್ತು" ಅಂದೆ. ನನ್ನ ಮುಖ ನೋಡಿ ಟೀ ತರಿಸಿದ.

ಸಂಜೆಯೆಲ್ಲ ಅವಳು ಜೆಟ್ಟಿಯ ತುದಿಯಲ್ಲಿ ನಿಂತಿರುತ್ತಾಳೆ. ನನ್ನ ದೋಣಿ ಕಂಡ ಕೂಡಲೇ ಬೆನ್ನು ತಿರುಗಿಸಿ ಮನೆಗೆ. ಅದಕ್ಕೂ ಸಿಟ್ಟು ಬರುತ್ತದೆ.

ಮಾರ್ಚ್ 15, ಶನಿವಾರ. ಬೆಳಿಗ್ಗೆ, ಜೆಟ್ಟಿ.

ಮನೆಯ ಶೆಡ್ಡಿನಲ್ಲಿ ಟ್ಯಾಂಕ್ ಇರಲಿಲ್ಲ. ರಕ್ತ ಕುದಿಯಿತು. ಓಡಿಬಂದರೆ ದೋಣಿಯಲ್ಲಿದೆ. ತುಂಬಿಸಿ ಜೋಡಿಸಿ ಪಕ್ಕದಲ್ಲೇ ಕೂತಿದ್ದಾಳೆ. ಸ್ಕ್ರೂ ಮುಚ್ಚಿದೆ.

"ನೀವೇ ತೆಗೀರಿ. ನಂಗೆ ಕೈ ಬರಲ್ಲ" ಅಂದಳು.

"ನಿನ್ನ ಖಾತೆ. ನೀನೇ ತೆಗಿ."

ಬೆನ್ನು ಹಾಕಿ ಕೂತು ಬರೆಯುತ್ತಿದ್ದೇನೆ. ತಿರುಗಿ ಅವಳ ಮುಖ ನೋಡಿದರೆ ನಾನೇ ದೋಣಿ ಬಿಟ್ಟು ಇಳಿದೇನು. ಸಾಹೇಬರ ಜೀಪು ತಿರುವಿನಲ್ಲಿ ಕಾಣುತ್ತಿದೆ.

ಕಿರ್ ಎಂದಿತು.

"ತೆಗ್ದಿದೀನಿ. ವಾಪಸ್ ಬಂದ್ಮೇಲೆ ಮುಚ್ಚೋಳೂ ನಾನೇ. ಟ್ಯಾಂಕ್ ತಂದು ನನ್ನ ಕೈಗೇ ಕೊಡಬೇಕು, ಗೊತ್ತಾಯ್ತಾ?" ಗದರಿಸಿಯೇ ಹೇಳಿದಳು. ಅವಳಿಗೂ ಇದೆ ಸಿಟ್ಟು.

ಸಾಹೇಬರು ಇಳಿದರು. ಈ ಪುಸ್ತಕ ನೆನೆಯಬಾರದು, ಅವಳ ಕೈಗೆ ಕೊಟ್ಟು ಹೊರಟೆ.