ಅಳಿಯನ ಕೈಗೆ ಕೊಟ್ಟ ಫೋನು

ಬೆಳ್ಳಟ್ಟಿ
ತಾ. 19-1-2025

ತೀರ್ಥರೂಪ ಸಮಾನನಾದ ಅಣ್ಣ ಸಕ್ರಪ್ಪನಿಗೆ,

ನಿನ್ನ ತಂಗಿ ಕಾವೇರಿಯ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರು ಮಾಡುವುದು ರೂಢಿ. ಹಾಗೇ ಬರೆದಿದ್ದೇನೆ ಎಂದು ತಿಳಿದುಕೋ. ಲಕ್ಷ್ಮೇಶ್ವರದಲ್ಲಿ ನೀನು ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿಗೆ ನಾನು ಯಾಕೆ ಬರಲಿಲ್ಲ ಎಂದು ನೀನು ಕೇಳಿಕಳಿಸಿ ಒಂದೂವರೆ ತಿಂಗಳಾಗುತ್ತ ಬಂತು. ಉತ್ತರ ತಡವಾಯಿತು, ಕ್ಷಮಿಸು. ನಮ್ಮ ಮನೆಯವರು ಒಬ್ಬರೇ ಬಂದು, ನನಗೆ ಸೊಂಟ ಹಿಡಿದಿದೆ ಎಂದು ಹೇಳಿ, ಹೋಳಿಗೆ ಉಂಡು ಹೋದರು. ನನ್ನ ಸೊಂಟ ಗಟ್ಟಿಯಾಗಿದೆ. ವೈನಿ ಕೊಟ್ಟು ಕಳಿಸಿದ ಸೀರೆ ಮುಟ್ಟಿತು. ಅದಿನ್ನೂ ಚೀಲದಲ್ಲೇ ಇದೆ.

ಈ ಕಾಲದಲ್ಲಿ ಪತ್ರ ಯಾಕೆ, ಒಂದು ಫೋನ್ ಮಾಡಬಾರದೇ ಎಂದು ನೀನು ಅನ್ನಬಹುದು. ಫೋನು ಯಾರ ಕಿಸೆಯಲ್ಲಿದೆ ಎನ್ನುವುದು ನಿನಗೆ ಗೊತ್ತಿಲ್ಲದ್ದೇನಲ್ಲ.

ಹೋದ ಪಂಚಮಿಗೆ ನಾನು ತವರಿಗೆ ಬಂದಾಗಿನ ಮಾತು. ಸರ್ವೇ ಕೆಲಸಕ್ಕೆ ನನ್ನನ್ನು ಆರಿಸಿದ್ದಾರೆ, ಅದಕ್ಕೆ ನೆಟ್ ಬರುವ ಫೋನು ಬೇಕು ಎಂದು ಹೇಳಿದ್ದೆ. ನೀನು ಗದಗಿಗೆ ಹೋಗಿ ತಂದೆ. ಡಬ್ಬಿಯನ್ನು ನನಗೆ ತೋರಿಸಿ, ‘ನೋಡವಾ, ನಿನಗಂತ ತಂದೇನಿ’ ಎಂದೆ. ಆ ಕ್ಷಣಕ್ಕೆ ನನಗೆಷ್ಟು ಖುಷಿಯಾಯಿತೆಂದರೆ, ಅಡಿಗೆಮನೆಗೆ ಹೋಗಿ ಸುಮ್ಮನೆ ಒಂದು ಚೊಂಬು ನೀರು ಕುಡಿದು ಬಂದೆ. ಬಂದು ನೋಡಿದರೆ ಡಬ್ಬಿ ತಾಟಿನಲ್ಲಿತ್ತು. ಎಲೆ ಅಡಿಕೆ, ತೆಂಗಿನಕಾಯಿ, ಕುಂಕುಮ ಹಚ್ಚಿದ ಟವೆಲು, ಅದರ ಮೇಲೆ ನನ್ನ ಫೋನು. ಮನೆಯ ಅಳಿಯ ಗೋಡೆಗೆ ಒರಗಿ ಕೂತಿರುವಾಗ ಮಗಳ ಕೈಗೆ ಆಯೇರಿಯ ಉಡುಗೊರೆ ಕೊಡುವ ಪದ್ಧತಿ ಇಲ್ಲವಲ್ಲ. ನೀನು ಬಗ್ಗಿ ತಾಟನ್ನು ಅವರ ಕೈಗೆ ಕೊಟ್ಟೆ. ನನ್ನ ಮುಖ ನೋಡಿ, ‘ಯಾರ ಕೈಯಾಗಿದ್ರ ಏನವಾ, ಒಂದ ಮನಿ’ ಎಂದೆ. ನಾನೂ ನಕ್ಕೆ. ಅವತ್ತು ನಕ್ಕದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಕೆಲಸದ ವಿಷಯ ನಿನಗೆ ಪೂರಾ ಹೇಳಿರಲಿಲ್ಲ. ಒಂದು ಸಂಸ್ಥೆಯವರು ಊರೂರಿಗೆ ಒಬ್ಬ ಹೆಣ್ಣುಮಗಳನ್ನು ಹಿಡಿದು, ಕಿವಿ ಕೇಳದವರ ಪಟ್ಟಿ ಮಾಡಿಸಿದರು. ಪಟ್ಟಿಯಲ್ಲಿದ್ದವರನ್ನು ಗದಗಿಗೆ ಕರೆದೊಯ್ದು, ತಪಾಸಣೆ ಮಾಡಿಸಿ, ಕಿವಿಗೆ ಮಷಿನ್ ಕೊಡುವುದು. ನಾಗಾವಿಯಲ್ಲಿ ಮೂರು ದಿನ ತರಬೇತಿ ಕೊಟ್ಟು ಕೈಗೊಂದು ಟ್ಯಾಬ್ ಕೊಟ್ಟರು. ಸ್ಲೇಟಿನಷ್ಟು ಅಗಲ. ಸಿಮ್ ಹಾಕುವ ಜಾಗವೇ ಅದಕ್ಕಿಲ್ಲ. ಹಗಲೆಲ್ಲ ಮನೆಮನೆಗೆ ಹೋಗಿ ಹೆಸರು, ಫೋಟೋ ತುಂಬಿಕೊಳ್ಳುವುದು. ಸಂಜೆ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಟ್ಯಾಬಿಗೆ ನೆಟ್ ಕೊಟ್ಟು, ಕಳಿಸುವುದು. ಹೋದ ಹೆಸರಿನ ಮುಂದೆ ಹಸಿರು ಗುರುತು ಬರುತ್ತದೆ. ನವೆಂಬರ್ ಮೂವತ್ತರ ಸಂಜೆ ಆರಕ್ಕೆ ಬಾಗಿಲು ಮುಚ್ಚುತ್ತದೆ, ಆಮೇಲೆ ತಲೆ ಕೆಳಗೆ ಮಾಡಿದರೂ ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದರು.

ನನ್ನ ಪಟ್ಟಿಯಲ್ಲಿ ಫಕ್ಕೀರವ್ವ ಇದ್ದಳು. ನಮ್ಮ ಓಣಿಯ ಕೊನೆ ಮನೆ, ಒಬ್ಬಳೇ ಇರುತ್ತಾಳೆ, ನಾಲ್ಕು ಕೋಳಿ ಸಾಕಿದ್ದಾಳೆ. ಫೋಟೋ ತೆಗೆಯುತ್ತೇನೆ ಎಂದು ಕೈಸನ್ನೆ ಮಾಡಿದ್ದಕ್ಕೆ ಒಳಗೆ ಹೋಗಿ ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದಳು. ‘ನಮ್ಮ ಹುಂಜ ಕೂಗೂದು ಕೇಳಿ ನಾಕ ವರ್ಷಾತು. ಬಾಯಿ ತೆಗೆಯೂದ ಅಷ್ಟ ಕಾಣತೈತಿ’ ಎಂದಳು. ಅದನ್ನು ತುಂಬಲು ಟ್ಯಾಬಿನಲ್ಲಿ ಜಾಗವಿರಲಿಲ್ಲ.

ಮೊದಮೊದಲು ಇವರು ಮನೆಯಲ್ಲೇ ನೆಟ್ ಕೊಡುತ್ತಿದ್ದರು. ಆಮೇಲೆ ಬೇಸರ ಬಂತು. ‘ನಾಳೆ ನೋಡೂಣು’ ಎನ್ನುತ್ತಿದ್ದರು. ಬೇಕಾದರೆ ಕಟ್ಟೆಗೆ ಬಾ ಎಂದರು. ಕಟ್ಟೆ ಎಂದರೆ ಶಫೀಕನ ಕಿರಾಣಿ ಅಂಗಡಿಯ ಎದುರಿನ ಬೇವಿನ ಕಟ್ಟೆ, ಗಂಡಸರು ಕೂರುವ ಜಾಗ. ಅವರು ಮೇಲೆ ಕೂತಿರಬೇಕು, ನಾನು ಸೆರಗು ಹೊದ್ದು ಕೆಳಗೆ ಟ್ಯಾಬ್ ಹಿಡಿದು ನಿಂತಿರಬೇಕು. ಒಬ್ಬರಂತೂ ದಿನಾ, ‘ಮಾಂತೇಶಾ, ನಿನ್ನ ಹೇಣ್ತಿ ಚಾರ್ಜ್ ಆಗಾಕ ಬಂದಾಳ ನೋಡಲೇ’ ಎನ್ನುತ್ತಿದ್ದರು. ಬೇರೆಯವರ ಫೋನಿನಿಂದ ಕಳಿಸಲೇ ಎಂದು ಒಮ್ಮೆ ಕೇಳಿದೆ. ‘ಮಂದಿ ನೆಟ್ ಯಾಕ, ನಂದು ಸತ್ತೈತೇನು?’ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮೂವತ್ತನೇ ತಾರೀಖು ಬಂದಾಗ ಇನ್ನೂ ಇಪ್ಪತ್ತಮೂರು ಹೆಸರು ಉಳಿದಿದ್ದವು. ಮಧ್ಯಾಹ್ನದಿಂದ ಅವರ ಹಿಂದೆ ಬಿದ್ದೆ. ಐದೂವರೆಗೆ ಕಟ್ಟೆಗೆ ಹೋಗಿ ನಿಂತೆ. ಅವತ್ತು ಪಾಸ್‌ವರ್ಡ್ ಬದಲಿಸಿದ್ದರು. ಏನೆಂದು ಕೇಳಿದರೆ ಪಕ್ಕದವರ ಕಡೆ ನೋಡಿ ನಕ್ಕು, ‘ನನ್ನ ಹೆಸರ ಐತಿ. ಬಾಯಿ ಬಿಟ್ಟು ಹೇಳು, ಆನ್ ಮಾಡತೇನಿ’ ಎಂದರು. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ನಾವು ಹೆಂಗಸರು ಗಂಡನ ಹೆಸರು ಸೇರಿಸಿ ಒಡಪು ಕಟ್ಟಿ ಹೇಳುತ್ತೇವೆ. ಅದು ಹೆಂಗಸರ ನಡುವಿನ ಸಂತೋಷ. ಇವರಿಗೆ ಅದು ಕಟ್ಟೆಯ ಮೇಲೆ ಬೇಕಾಗಿತ್ತು. ‘ಒಡಪು ಹಾಕ್ರಿ ವೈನಿ’ ಎಂದು ಎಲ್ಲರೂ ಶುರು ಮಾಡಿದರು. ಹದಿನಾರು ವರ್ಷದ ಸಂಸಾರದಲ್ಲಿ ಅವರ ಹೆಸರನ್ನು ಗಂಡಸರ ಎದುರು ಒಮ್ಮೆಯೂ ಎತ್ತಿದವಳಲ್ಲ ನಾನು. ಟ್ಯಾಬ್ ನೋಡಿದೆ, ಐದೂ ನಲವತ್ತು. ಫಕ್ಕೀರವ್ವ ತಲೆ ಬಾಚಿಕೊಂಡು ಬಂದದ್ದು ನೆನಪಾಯಿತು. ಹೇಳಿದೆ:

‘ಗದಗ ಬೆಟಗೇರಿ ನಡುವ ರೈಲು ನಿಂತೈತಿ,
ಮಾಂತೇಶರ ಕೈಯಾಗ ನನ್ನ ಕೆಲಸ ಕುಂತೈತಿ.’

ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಕ್ಕರು. ಇವರೂ ನಕ್ಕರು, ಆದರೆ ಅವರ ಕಿವಿ ಕೆಂಪಾಗಿದ್ದವು. ನೆಟ್ ಆನ್ ಮಾಡಿದರು. ಹಸಿರು ಗುರುತು ಒಂದೊಂದಾಗಿ ಬೀಳತೊಡಗಿತು. ಒಂಬತ್ತು ಹೆಸರು ಹೋದವು. ಅಷ್ಟರಲ್ಲಿ ಅವರಿಗೊಂದು ಫೋನು ಬಂತು. ಫೋನಿನಲ್ಲಿ ಮಾತಾಡುವಾಗ ಅವರು ಕೂತಲ್ಲಿ ಕೂರುವವರಲ್ಲ, ನಿನಗೇ ಗೊತ್ತು. ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹತ್ತು ಹೆಜ್ಜೆ ದೂರವಾದರೆ ಟ್ಯಾಬಿನಲ್ಲಿ ನೆಟ್ಟಿನ ಗೆರೆ ಸಣ್ಣಗಾಗುತ್ತದೆ. ನಾನೂ ಹಿಂದೆ ನಡೆದೆ. ಅವರು ನಡೆದರೆ ನಾನು ನಡೆಯುವುದು, ಅವರು ನಿಂತರೆ ನಾನು ನಿಲ್ಲುವುದು. ಊರಿನ ನಡುಬೀದಿಯಲ್ಲಿ ನಮ್ಮ ಮೆರವಣಿಗೆ. ಅವರು ತಿರುಗಿ ನೋಡಿ, ಹಿಂದೆ ಬರಬೇಡ ಎಂದು ಕೈ ಮಾಡಿದರು. ನಾನು ನಿಂತೆ. ಅವರು ನಡೆದರು. ಗೆರೆ ಹೋಯಿತು.

ಇಷ್ಟೇ ಆಗಿದ್ದರೆ ತಪ್ಪೆಲ್ಲ ಅವರದೇ ಎಂದು ಬರೆದು ಹಗುರಾಗುತ್ತಿದ್ದೆ. ಶಫೀಕ ಅಂಗಡಿಯಿಂದ ಇಳಿದು ಬಂದು, ‘ಅಕ್ಕಾರ, ನನ್ನ ಫೋನ್ ಆನ್ ಮಾಡ್ಲೇನ್ರಿ? ಇನ್ನೂ ಹತ್ತು ನಿಮಿಷ ಐತಿ’ ಎಂದ. ಕಟ್ಟೆಯ ಮೇಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು, ‘ಬ್ಯಾಡಪಾ, ಅವರು ಬರತಾರ’ ಎಂದೆ. ಗಂಡನ ಮರ್ಯಾದೆ ಕಾಪಾಡಿದೆ, ಅಣ್ಣ. ಹದಿನಾಲ್ಕು ಮಂದಿಯ ಕಿವಿ ಕೊಟ್ಟು ಕಾಪಾಡಿದೆ. ಅವರು ಬಂದಾಗ ಆರೂಕಾಲು.

ಹೋದ ವಾರ ಗದಗಿಗೆ ಕರೆದೊಯ್ಯುವ ಗಾಡಿ ಬಂತು. ಪಟ್ಟಿ ನೋಡಿ ಹೆಸರು ಕೂಗಿ ಹತ್ತಿಸಿಕೊಂಡರು. ಫಕ್ಕೀರವ್ವ ಅದೇ ಸೀರೆ ಉಟ್ಟು ನಿಂತಿದ್ದಳು. ತನ್ನ ಹೆಸರು ಕೂಗಿದ್ದು ತನಗೆ ಕೇಳಿಸಲಿಲ್ಲ ಎಂದುಕೊಂಡು ಎಲ್ಲರ ಬಾಯಿಯನ್ನೂ ನೋಡುತ್ತಿದ್ದಳು. ಗಾಡಿ ಹೋದ ಮೇಲೆ ನನ್ನ ಹತ್ತಿರ ಬಂದು, ‘ನೀ ನನ್ನ ಬರಕೊಂಡಿದ್ದಿಲ್ಲೇನವಾ?’ ಎಂದಳು. ಬರೆದುಕೊಂಡಿದ್ದೆ ಎಂದು ಕೂಗಿ ಹೇಳಿದೆ. ಅವಳಿಗೆ ಕೇಳಲಿಲ್ಲ. ಈಗ ನನ್ನ ಮನೆ ಮುಂದೆ ಹಾಯ್ದು ಹೋಗುವಾಗ ಅವಳು ಮುಖ ತಿರುಗಿಸುತ್ತಾಳೆ. ಟ್ಯಾಬನ್ನು ಸಂಸ್ಥೆಯವರು ವಾಪಸ್ ಒಯ್ದರು. ಮುಂದಿನ ಸರ್ವೇಗೆ ಬೇರೆಯವರನ್ನು ನೋಡುತ್ತಾರಂತೆ.

ನನಗೆ ನೀನೇನೂ ಮಾಡಬೇಕಾಗಿಲ್ಲ. ಇವರಿಗೆ ಬುದ್ಧಿ ಹೇಳಲೂ ಬೇಡ. ಹೇಳಿದರೆ ‘ಆತು’ ಎನ್ನುತ್ತಾರೆ, ಆ ಸಿಟ್ಟು ನನ್ನ ಮೇಲೆ ಬರುತ್ತದೆ. ನಿನ್ನ ಹೊಸ ಮನೆ ತಣ್ಣಗಿರಲಿ. ವೈನಿಗೆ ನಮಸ್ಕಾರ ಹೇಳು. ನಿನ್ನ ಮಗಳು ಸ್ನೇಹಾಳಿಗೆ ನನ್ನ ಆಶೀರ್ವಾದ. ನಾಳೆ ಅವಳ ಮದುವೆಯಾದ ಮೇಲೆ ಅವಳಿಗೆಂದು ಏನಾದರೂ ತಂದರೆ, ಯಾರೇ ಕೂತಿರಲಿ, ಅವಳ ಕೈಯಲ್ಲೇ ಕೊಡು.

ಇಂತಿ ನಿನ್ನ ತಂಗಿ,
ಕಾವೇರಿ

ತಾ.ಕ.: ಅವತ್ತು ಅವರಿಗೊಂದು ಫೋನು ಬಂತು ಎಂದು ಬರೆದೆ, ಯಾರದೆಂದು ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ. ಅದು ನಿನ್ನದು, ಅಣ್ಣ. ವಾಸ್ತುಶಾಂತಿಗೆ ಕರೆಯಲು ನೀನು ಮಾಡಿದ್ದೆ. ನೀನು ಏನು ಕೇಳಿದೆಯೋ ಗೊತ್ತಿಲ್ಲ. ಅವರು ಹೇಳಿದ್ದಷ್ಟೇ ನನಗೆ ಕೇಳಿತು: ‘ಆಕಿ ಆರಾಮ ಅದಾಳ್ರಿ, ಇಲ್ಲೇ ನನ್ನ ಹಿಂದ ಬರಾಕತ್ತಾಳ.’ ಆಕೆಯ ಕೈಗೆ ಒಮ್ಮೆ ಫೋನ್ ಕೊಡಿ ಎಂದು ನೀನು ಹೇಳುತ್ತೀ ಎಂದು ನಾನು ಕೈ ಚಾಚಿದೆ. ಆಗಲೇ ಅವರು ಹಿಂದೆ ಬರಬೇಡ ಎಂದು ಕೈ ಮಾಡಿದ್ದು. ಆಮೇಲೆ ನೀವಿಬ್ಬರೂ ಅರ್ಧ ತಾಸು ಮಾತಾಡಿದಿರಿ.