ನಾಲ್ಕನೇ ಮಹಡಿಯ ಬುಟ್ಟಿ

ನಾಪೋಲಿ, ಅಕ್ಟೋಬರ್ ೧೪

ಪ್ರೀತಿಯ ಇಮ್ಮಾ ಅಕ್ಕನಿಗೆ,

ಟೊರಿನೊದಲ್ಲಿ ಆಗಲೇ ಚಳಿ ಇರಬೇಕು. ಮಂಗಳವಾರ ಮೂರೂವರೆಗೆ ಅಮ್ಮ ಅಡುಗೆಮನೆಯಲ್ಲಿ ಬಿದ್ದಳು, ಸೊಂಟದ ಮೂಳೆ ಮುರಿಯಿತು, ಅರ್ಧ ಗಂಟೆಯಲ್ಲಿ ನಾನು ತಲುಪಿದೆ ಎಂದು ಫೋನಿನಲ್ಲಿ ಹೇಳಿದ್ದೆ. ಬಿದ್ದದ್ದು ನಿಜ, ಮುರಿದದ್ದು ನಿಜ. ಹೊತ್ತು ಮಾತ್ರ ಸುಳ್ಳು.

ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದು ನೀನು ಹೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ದಿನಕ್ಕೆರಡು ಸಲ ಅವಳ ಬಾಲ್ಕನಿ ಕೆಳಗೇ ಹಾದುಹೋಗ್ತೀನಿ, ನನಗಿಂತ ಚೆನ್ನಾಗಿ ಯಾರು ನೋಡ್ಕೋತಾರೆ?" ಹಾದುಹೋಗುತ್ತಿದ್ದೆ, ಹೌದು, ಇಪ್ಪತ್ತೆರಡು ಜನ ಪ್ರವಾಸಿಗರನ್ನು ಬೆನ್ನಿಗೆ ಕಟ್ಟಿಕೊಂಡು. ಶಾಲೆ ಬಿಟ್ಟವನು, ನಾಲಿಗೆಯೊಂದನ್ನೇ ನಂಬಿ ಬದುಕಿದವನು. ಗೈಡ್ ಆಗಿ ನಾನು ತೋರಿಸುವುದು ಮೂರು ಇಗರ್ಜಿ, ಎರಡು ಕಾರಂಜಿ, ಕೊನೆಗೆ ಅಮ್ಮ. ನಾನು ಕೂಗಬೇಕು, ಅವಳು ನಾಲ್ಕನೇ ಮಹಡಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಸಬೇಕು, ನಾನು ಬ್ರೆಡ್ಡು ಇಡಬೇಕು, "ಇಷ್ಟು ಹೊತ್ತೇನೋ ಸೋಮಾರಿ!" ಎಂದು ಅವಳು ಬೈಯಬೇಕು. ಜನ ಚಪ್ಪಾಳೆ ತಟ್ಟುತ್ತಾರೆ. ಆ ತೊಂಬತ್ತಾರು ಮೆಟ್ಟಿಲು ಹತ್ತಿ ಎಷ್ಟು ದಿನವಾಗಿತ್ತು ಎಂದು ಕೇಳಬೇಡ. ಹತ್ತೊಂಬತ್ತು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ನಾನು ಕೂಗುವ ಮೊದಲೇ ಬುಟ್ಟಿ ಇಳಿದಿತ್ತು. ಮೇಲೆ ಮುಖವಿಲ್ಲ, ಬೈಗುಳವಿಲ್ಲ. ಖಾಲಿ ಬುಟ್ಟಿ. ಏನೋ ತಮಾಷೆ ಮಾಡಿ, ಬ್ರೆಡ್ಡಿಟ್ಟು, ಹಗ್ಗ ಜಗ್ಗಿ ಹೊರಟುಹೋದೆ. ನಾಲ್ಕಕ್ಕೆ ಎರಡನೇ ಗುಂಪಿನೊಂದಿಗೆ ಬಂದರೆ ಎದುರು ಮನೆಯ ತಿತಿನಾ, "ಲೋ ಬಾಯಿಬಡುಕ, ನಿನ್ನ ಬ್ರೆಡ್ಡು ಬೆಳಗಿಂದ ಇಲ್ಲೇ ನೇತಾಡ್ತಿದೆ! ನಿಮ್ದೇ ಏನೋ ಹೊಸ ನಾಟಕ ಅಂದ್ಕೊಂಡೆ. ನಿಮ್ಮಮ್ಮ ಎಲ್ಲೋ?" ಎಂದಳು.

ಅಮ್ಮ ಬಿದ್ದದ್ದು ಒಂಬತ್ತೂವರೆಗೆ. ಬಾಲ್ಕನಿವರೆಗೆ ತೆವಳಿ, ಕಂಬಿಗಳ ಸಂದಿಯಿಂದ ಬುಟ್ಟಿ ತಳ್ಳಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನನ್ನ ಕೈ ಒತ್ತಿ ಹಿಡಿದು, "ಮೂರೂವರೆಗೆ ಬಿದ್ದೆ" ಎಂದವಳು ಅವಳೇ. ಆಮೇಲೆ ಮೆಲ್ಲಗೆ, ಬೆಳಿಗ್ಗೆ ಎಷ್ಟು ಜನ ಇದ್ದರು ಎಂದು ಕೇಳಿದಳು. ಇಪ್ಪತ್ತೆರಡು ಎಂದೆ.

"ನಕ್ಕರೇನೋ?"

"ನಕ್ಕರಮ್ಮ."

"ಸರಿ ಬಿಡು," ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಅಕ್ಕ, ಬಂದು ಅವಳನ್ನು ಕರೆದುಕೊಂಡು ಹೋಗು. ಈ ಸಲ ನಾನು ಬೇಡ ಅನ್ನುವುದಿಲ್ಲ.

ನಿನ್ನ ತಮ್ಮ,
ಸಬಾತಿನೊ

ತಾ.ಕ.: ಬುಟ್ಟಿ ಖಾಲಿಯಿರಲಿಲ್ಲ. ಅದರಲ್ಲಿ ಮನೆಯ ಬೀಗದ ಕೈ ಇತ್ತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, "ನಮ್ಮಮ್ಮ ಗಂಡು ಹುಡುಕ್ತಿದ್ದಾಳೆ, ಯಾರು ಮೇಲೆ ಹೋಗ್ತೀರಿ?" ಎಂದೆ. ಅವರು ನಕ್ಕದ್ದು ಅದಕ್ಕೆ. ಆಮೇಲೆ ಅದನ್ನು ಮತ್ತೆ ಬುಟ್ಟಿಗೆ ಹಾಕಿ, ಮೇಲೆ ಬ್ರೆಡ್ಡಿಟ್ಟೆ. ನಾಲ್ಕು ಗಂಟೆಗೆ ಬಾಗಿಲು ತೆಗೆದದ್ದೂ ಅದರಿಂದಲೇ. ಆ ಬೀಗದ ಕೈ ಈ ಲಕೋಟೆಯಲ್ಲಿದೆ. ಇನ್ನು ನಿನ್ನ ಹತ್ತಿರವೇ ಇರಲಿ.